ಗಂಧದ ಮರದ ನಾಡಿ ಹಿಡಿದವರು

ಕಬ್ಬು ನುರಿಸುವ ಹಂಗಾಮು ಬಂತೆಂದರೆ ಬಾಗಲಕೋಟೆ ಜಿಲ್ಲೆಯ ಸಮೀರವಾಡಿಗೆ ಹೋಗುವ ದಾರಿಗಳೆಲ್ಲ ಟ್ರ್ಯಾಕ್ಟರುಗಳಿಂದ ತುಂಬಿರುತ್ತವೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿ ಕಡೆಯ ಎರೆ ಹೊಲಗಳಲ್ಲಿ ಬೆಳೆದು ನಿಂತ ಕಬ್ಬಿನಲ್ಲಿ ಒಂದಷ್ಟು ಸಕ್ಕರೆ ಕಾರ್ಖಾನೆಗೆ ಸಾಗಿದರೆ, ಮತ್ತೊಂದಷ್ಟು ಮಹಾಲಿಂಗಪುರದ ಸುತ್ತಲಿನ ಗಾಣಗಳಲ್ಲಿ ಬೆಲ್ಲವಾಗುತ್ತದೆ. 'ಕೋ 86032' ಎಂಬುದು ಈ ಸೀಮೆಯ ಮಕ್ಕಳಿಗೆ ಶಾಲೆಯ ಪಾಠಕ್ಕಿಂತ ಮೊದಲೇ ಪರಿಚಯವಾಗುವ ಹೆಸರು. ಮನೆಯಲ್ಲಿ ಹಿರಿಯರು ದಿನವೂ ಮಾತನಾಡುವ ಕಬ್ಬಿನ ತಳಿ ಅದು.

ಆ ಹೆಸರಿನಲ್ಲಿರುವ 'ಕೋ' ಎಂದರೆ ಕೊಯಮತ್ತೂರು. ಅಲ್ಲಿ 1912ರಲ್ಲಿ ಆರಂಭವಾದ ಕಬ್ಬು ತಳಿ ಅಭಿವೃದ್ಧಿ ಕೇಂದ್ರದ ಮೊದಲ ಮುಖ್ಯಸ್ಥ ಸಿ. ಎ. ಬಾರ್ಬರ್ ಎಂಬ ಆಂಗ್ಲ ಸಸ್ಯಶಾಸ್ತ್ರಜ್ಞ. ಟಿ. ಎಸ್. ವೆಂಕಟರಾಮನ್ ಅವರೊಡನೆ ಸೇರಿ, ಕಾಡುಜಾತಿಯ ಕಬ್ಬನ್ನು ನಾಡಕಬ್ಬಿನೊಡನೆ ಬೆರೆಸಿ 'ಕೋ 205' ಎಂಬ ತಳಿಯನ್ನು ಕೊಟ್ಟವರು ಅವರು. ಆದರೆ ಕಬ್ಬಿಗೆ ಬರುವ ಮೊದಲು ಬಾರ್ಬರ್ ಅವರ ಕಣ್ಣು ನೆಟ್ಟಿದ್ದು ಬೇರೊಂದು ಗಿಡದ ಬೇರಿನ ಮೇಲೆ. ಅದು ಶ್ರೀಗಂಧ.

ಕಬ್ಬಿಗೂ ಗಂಧಕ್ಕೂ ಇನ್ನೊಂದು ನಂಟಿದೆ. ಅದು ಅಷ್ಟು ಸಿಹಿಯಾದುದಲ್ಲ. ಕಬ್ಬಿನ ಹೊಲದಲ್ಲಿ ಕೆಲವೊಮ್ಮೆ ಒಂದು ಬುಡ ಗಣಿಕೆ ಕಟ್ಟದೆ, ತೆಳ್ಳಗಿನ ನೂರಾರು ಮರಿ ಒಡೆದು, ಬಿಳಿಚಿಕೊಂಡ ಹುಲ್ಲಿನ ಪೊದೆಯಂತೆ ನಿಂತುಬಿಡುತ್ತದೆ. ಕುಳೆ ಕಬ್ಬಿನಲ್ಲಿ ಇದು ಇನ್ನೂ ಹೆಚ್ಚು. ಇದಕ್ಕೆ ಹುಲ್ಲುಮೊಳಕೆ ರೋಗ ಎನ್ನುತ್ತಾರೆ. ಶ್ರೀಗಂಧವನ್ನು ನೂರು ವರ್ಷಗಳಿಗೂ ಮೀರಿ ಕಾಡುತ್ತ ಬಂದಿರುವ 'ಸ್ಪೈಕ್' ರೋಗ ಇದರ ಹತ್ತಿರದ ಸಂಬಂಧಿ. ಇವೆರಡನ್ನೂ ತರುವುದು ಒಂದೇ ಬಗೆಯ ಸೂಕ್ಷ್ಮಜೀವಿ. ಆ ಸಂಗತಿ ತಿಳಿಯಲು ಎಪ್ಪತ್ತು ವರ್ಷ ಹಿಡಿಯಿತು. ಆ ಎಪ್ಪತ್ತು ವರ್ಷಗಳ ಕಥೆಯಲ್ಲಿ ಮಣ್ಣಿದೆ, ಬೇರಿದೆ, ಎಲೆಯಿದೆ, ಕೀಟವಿದೆ. ಎಲ್ಲಕ್ಕಿಂತ ಮಿಗಿಲಾಗಿ, ಮರದ ನಾಡಿ ಹಿಡಿದು ನೋಡಿದ ಕೆಲವರ ತಾಳ್ಮೆಯಿದೆ.

ನೆರೆಮನೆಯ ಊಟ

ಶ್ರೀಗಂಧದ ಬೀಜವನ್ನು ಕುಂಡದಲ್ಲಿ ಒಂಟಿಯಾಗಿ ಬಿತ್ತಿದರೆ ಸಸಿ ಹುಟ್ಟುತ್ತದೆ, ಕೆಲವು ತಿಂಗಳು ಚೆನ್ನಾಗಿಯೂ ಇರುತ್ತದೆ. ಅನಂತರ ಸೊರಗತೊಡಗುತ್ತದೆ. ಪಕ್ಕದಲ್ಲಿ ಒಂದು ತೊಗರಿ ಗಿಡವಿದ್ದರೆ ಅದೇ ಸಸಿ ಚಿಗುರಿಕೊಳ್ಳುತ್ತದೆ. ಕಾರಣ ಮಣ್ಣಿನ ಒಳಗಿದೆ. ಗಂಧದ ಬೇರು ನೆರೆಯ ಗಿಡದ ಬೇರನ್ನು ಮುಟ್ಟಿದ ಕಡೆ ಪುಟ್ಟ ಗಂಟೊಂದನ್ನು ಬೆಳೆಸುತ್ತದೆ. ಆ ಗಂಟು ನೆರೆಯ ಬೇರಿಗೆ ಅಂಟಿಕೊಂಡು, ಒಳಗೆ ಇಳಿದು, ಅಲ್ಲಿಂದ ನೀರನ್ನೂ ಪೋಷಕಾಂಶಗಳನ್ನೂ ಎಳೆದುಕೊಳ್ಳುತ್ತದೆ. ಇದನ್ನು ಹೀರುಬೇರು ಎನ್ನಬಹುದು.

ಗಂಧ ಪೂರ್ಣ ಪರಾವಲಂಬಿಯಲ್ಲ. ಅದಕ್ಕೆ ತನ್ನದೇ ಹಸಿರು ಎಲೆಗಳಿವೆ, ಬಿಸಿಲಿನಲ್ಲಿ ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಆದರೆ ಸಾರಜನಕ, ರಂಜಕದಂಥ ವಸ್ತುಗಳಿಗೆ ನೆರೆಮನೆಯನ್ನು ನೆಚ್ಚಿಕೊಂಡಿರುತ್ತದೆ. ಹುಲ್ಲಿನಿಂದ ಹಿಡಿದು ಹೊಂಗೆಯ ಮರದವರೆಗೆ 300ಕ್ಕೂ ಹೆಚ್ಚು ಜಾತಿಯ ಸಸ್ಯಗಳ ಬೇರಿಗೆ ಅದು ಕೈ ಚಾಚುತ್ತದೆಂದು ದಾಖಲಾಗಿದೆ. ಈ ಗುಟ್ಟನ್ನು 1871ರಲ್ಲಿ ಮೊದಲು ಬಯಲಿಗೆ ತಂದವರು ಕಲ್ಕತ್ತೆಯ ಸಸ್ಯೋದ್ಯಾನದಲ್ಲಿದ್ದ ಜಾನ್ ಸ್ಕಾಟ್. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ, ಮದರಾಸು ಸರ್ಕಾರದ ಸಸ್ಯಶಾಸ್ತ್ರಜ್ಞರಾಗಿದ್ದ ಬಾರ್ಬರ್ ಆ ಬೇರುಗಂಟುಗಳನ್ನು ತೆಳುವಾಗಿ ಸೀಳಿ, ಸೂಕ್ಷ್ಮದರ್ಶಕದ ಕೆಳಗಿಟ್ಟು, ಅವುಗಳ ರಚನೆಯನ್ನು ವಿವರವಾಗಿ ಬರೆದಿಟ್ಟರು.

ಹೀಗೆ ಕಾಡಿನ ಮಣ್ಣು, ಮರದ ಪೋಷಣೆ, ಮರದ ಆರೋಗ್ಯ ಇವು ಮೂರೂ ಶ್ರೀಗಂಧದಲ್ಲಿ ಒಂದಕ್ಕೊಂದು ಹೆಣೆದುಕೊಂಡಿವೆ. ಮರ ಸೊರಗಿದಾಗ ತಪ್ಪು ಮಣ್ಣಿನದೋ, ನೆರೆಯ ಗಿಡದ್ದೋ, ರೋಗದ್ದೋ ಎಂದು ಹೇಳುವುದು ಸುಲಭವಲ್ಲ. ಸ್ಪೈಕ್ ರೋಗದ ವಿಚಾರದಲ್ಲಿ ವಿದ್ವಾಂಸರು ಎಡವಿದ್ದು ಇಲ್ಲಿಯೇ.

ಹತ್ತು ಸಾವಿರದ ಬಹುಮಾನ

1899ರಲ್ಲಿ ಕೊಡಗಿನ ಕಾಡಿನಲ್ಲಿ ವಿಚಿತ್ರ ರೂಪದ ಗಂಧದ ಮರಗಳು ಅರಣ್ಯಾಧಿಕಾರಿಗಳ ಕಣ್ಣಿಗೆ ಬಿದ್ದವು. ಎಲೆಗಳು ಚಿಕ್ಕದಾಗಿ, ಕಿರಿದಾಗಿ, ಬಿರುಸಾಗಿ ಮುಳ್ಳಿನಂತೆ ನೆಟ್ಟಗೆ ನಿಂತಿದ್ದವು. ಗೆಣ್ಣಿನಿಂದ ಗೆಣ್ಣಿಗೆ ಇರುವ ಅಂತರ ಕುಗ್ಗಿ, ರೆಂಬೆಯ ತುದಿ ತೆನೆಯ ಹಾಗೆ ಕಾಣುತ್ತಿತ್ತು. ಸ್ಪೈಕ್ ಎಂಬ ಹೆಸರು ಬಂದದ್ದು ಅದರಿಂದಲೇ. ಇಂಥ ಮರ ಹೂಕಾಯಿ ಬಿಡುವುದನ್ನು ನಿಲ್ಲಿಸಿ, ಎರಡು ಮೂರು ವರ್ಷಗಳಲ್ಲಿ ಒಣಗಿ ನಿಲ್ಲುತ್ತಿತ್ತು.

ರೋಗ ಕೊಡಗಿನಲ್ಲಿ ನಿಲ್ಲಲಿಲ್ಲ. ಮೈಸೂರು ಸೀಮೆಗೂ ಹಬ್ಬಿತು. 1903ರಿಂದ 1916ರವರೆಗಿನ ಅವಧಿಯಲ್ಲಿ ಕೊಡಗು ಮತ್ತು ಮೈಸೂರು ಭಾಗದಲ್ಲಿ 10 ಲಕ್ಷಕ್ಕೂ ಹೆಚ್ಚು ರೋಗಪೀಡಿತ ಗಂಧದ ಮರಗಳನ್ನು ತೆಗೆದುಹಾಕಬೇಕಾಯಿತು. ಟಿಪ್ಪುವಿನ ಕಾಲದಿಂದಲೂ ಗಂಧ ಅರಮನೆಯ ಸ್ವತ್ತು. ಮೈಸೂರಿನ ಬೊಕ್ಕಸಕ್ಕೆ ದೊಡ್ಡ ಆದಾಯ. ಗಾಬರಿಗೊಂಡ ಮೈಸೂರು ಸಂಸ್ಥಾನ, ರೋಗಕ್ಕೆ ಪರಿಹಾರ ಕಂಡುಹಿಡಿದವರಿಗೆ 10,000 ರೂಪಾಯಿ ಬಹುಮಾನ ಕೊಡುವುದಾಗಿ 1907ರಲ್ಲಿ ಸಾರಿತು. ಆ ದಿನಗಳ ಲೆಕ್ಕದಲ್ಲಿ ಅದೊಂದು ಸಣ್ಣ ಜಹಗೀರಿಗೆ ಸಮ.

ಮಾರನೆಯ ವರ್ಷ, 1908ರಲ್ಲಿ, ಮೂವತ್ತರ ಹರೆಯದ ಕೆನಡಾದ ವಿಜ್ಞಾನಿಯೊಬ್ಬರು ಬೆಂಗಳೂರಿಗೆ ಬಂದಿಳಿದರು. ಹೆಸರು ಲೆಸ್ಲಿ ಚಾರ್ಲ್ಸ್ ಕೋಲ್ಮನ್. ಅವರು ಬಂದದ್ದು ಬಹುಮಾನದ ಆಸೆಗಲ್ಲ. ಮೈಸೂರು ಸರ್ಕಾರದ ಶಿಲೀಂಧ್ರ ಹಾಗೂ ಕೀಟ ವಿಜ್ಞಾನಿಯ ಹುದ್ದೆಗೆ.

ಮಣ್ಣಿನಿಂದ ಮರಕ್ಕೆ

ಕೋಲ್ಮನ್ ಹುಟ್ಟಿದ್ದು 1878ರಲ್ಲಿ, ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ. ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಪದವಿ ಪಡೆದು, ಹೆಚ್ಚಿನ ಅಧ್ಯಯನಕ್ಕೆ ಜರ್ಮನಿಯ ಗಾಟಿಂಗೆನ್‌ಗೆ ಹೋದರು. ಅಲ್ಲಿ ಅವರು ಆರಿಸಿಕೊಂಡ ವಿಷಯ ಮರವೂ ಅಲ್ಲ, ರೋಗವೂ ಅಲ್ಲ, ಮಣ್ಣು. ಗೊಬ್ಬರದಲ್ಲಿ, ಕೊಳೆತ ಸೊಪ್ಪಿನಲ್ಲಿ ಇರುವ ಸಾರಜನಕವನ್ನು ಗಿಡ ಹಾಗೆಯೇ ಹೀರಿಕೊಳ್ಳಲಾರದು. ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನು ಹಂತ ಹಂತವಾಗಿ ನೈಟ್ರೇಟ್ ಆಗಿ ಮಾರ್ಪಡಿಸಿ ಬೇರಿಗೆ ಒದಗಿಸುತ್ತವೆ. ಈ ಕ್ರಿಯೆಯ ಬಗ್ಗೆ ಕೋಲ್ಮನ್ ನಡೆಸಿದ ಸಂಶೋಧನೆ 1908ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟವಾಯಿತು.

ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ ಇದು. ಮುಂದೆ ಅಡಿಕೆ, ಗಂಧ, ಕಾಫಿ, ಕಬ್ಬು ಎಂದು ಹತ್ತು ಕಡೆ ಕೈಯಾಡಿಸಿದ ಮನುಷ್ಯನ ತಳಪಾಯ ಬಿದ್ದದ್ದು ಮಣ್ಣಿನ ಕಣ್ಣಿಗೆ ಕಾಣದ ಜೀವಿಗಳ ಅಧ್ಯಯನದಲ್ಲಿ. ಆರೋಗ್ಯವಂತ ಗಿಡ ಹೇಗೆ ಉಣ್ಣುತ್ತದೆ ಎಂದು ತಿಳಿದವನಿಗೆ, ಅದು ಊಟ ಬಿಟ್ಟಾಗ ಏಕೆ ಬಿಟ್ಟಿತು ಎಂದು ಕೇಳುವ ದಾರಿ ಗೊತ್ತಿರುತ್ತದೆ.

ಮೈಸೂರಿನಲ್ಲಿ ಅವರಿಗೆ ಎದುರಾದ ಮೊದಲ ದೊಡ್ಡ ಸಮಸ್ಯೆ ಮಲೆನಾಡಿನ ಅಡಿಕೆಯ ಕೊಳೆರೋಗ. ಜೋರು ಮಳೆಯ ಆಷಾಢ–ಶ್ರಾವಣಗಳಲ್ಲಿ ಎಳೆಯ ಅಡಿಕೆ ಕೊಳೆತು ರಾಶಿರಾಶಿಯಾಗಿ ಉದುರುತ್ತಿತ್ತು. ಕೃಷಿಕರಿಗೆ ಗೊತ್ತಿದ್ದ ಉಪಾಯವೆಂದರೆ ಗೊನೆಗೆ ಕೊಟ್ಟೆ ಕಟ್ಟುವುದು, ಅಂದರೆ ಮಳೆ ತಾಗದಂತೆ ಹೊದಿಕೆ ಹಾಕುವುದು. ಉಪಾಯ ಸರಿಯಾಗಿಯೇ ಇತ್ತು. ಆದರೆ ಪ್ರತಿ ಗೊನೆಗೂ ಮರ ಹತ್ತಿ ಕಟ್ಟುವುದು ಎಷ್ಟು ಜನರಿಂದ ಸಾಧ್ಯ? ಕೋಲ್ಮನ್ ರೋಗಾಣುವನ್ನು ಗುರುತಿಸಿ 1910ರಲ್ಲಿ ವರದಿ ಪ್ರಕಟಿಸಿದರು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಯನ್ನು ನಾಶಮಾಡಿ ಭೀಕರ ಕ್ಷಾಮ ತಂದ ರೋಗಾಣುವಿನ ಬಳಗಕ್ಕೆ ಸೇರಿದ್ದು ಅದು. ಪರಿಹಾರವಾಗಿ ಅವರು ಸೂಚಿಸಿದ್ದು ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಬಳಕೆಗೆ ಬಂದಿದ್ದ, ಮೈಲುತುತ್ತ ಮತ್ತು ಸುಣ್ಣದಿಂದ ಮಾಡುವ ಬೋರ್ಡೋ ದ್ರಾವಣ. ಮಲೆನಾಡಿನ ಮಳೆಗೆ ಅದು ತೊಳೆದುಹೋಗದಿರಲೆಂದು ರಾಳದ ಅಂಟನ್ನು ಬೆರೆಸುವ ಕ್ರಮವನ್ನೂ ರೂಪಿಸಿದರು. ಇಂದಿಗೂ ಮುಂಗಾರಿನ ಹೊತ್ತಿಗೆ ಅಡಿಕೆ ತೋಟಗಳಲ್ಲಿ ಆ ನೀಲಿ ದ್ರಾವಣದ ಸಿಂಪಡಣೆ ನಡೆಯುತ್ತದೆ.

ಯಾರ ಮಾತು ನಿಜ?

ಕೊಳೆರೋಗದಲ್ಲಿ ರೋಗಾಣು ಸೂಕ್ಷ್ಮದರ್ಶಕಕ್ಕೆ ಸಿಕ್ಕಿತು. ಗಂಧದ ಸ್ಪೈಕ್‌ನಲ್ಲಿ ಏನೂ ಸಿಗಲಿಲ್ಲ. ಶಿಲೀಂಧ್ರವಿಲ್ಲ, ಬ್ಯಾಕ್ಟೀರಿಯಾ ಇಲ್ಲ, ಕೊರೆಯುವ ಹುಳುವೂ ಇಲ್ಲ. ಅಪರಾಧಿ ಸಿಗದಿದ್ದಾಗ ಅನುಮಾನಕ್ಕೆ ಕೊರತೆಯಿರುವುದಿಲ್ಲ. ಕಾಡಿನ ಬೆಂಕಿ ಕಾರಣವೆಂದರು ಕೆಲವರು. ಕಾಡನ್ನೆಲ್ಲ ಆವರಿಸುತ್ತಿದ್ದ ಲಂಟಾನದ ಮೇಲೆ ತಪ್ಪು ಹೊರಿಸಿದರು ಇನ್ನು ಕೆಲವರು. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಸಸ್ಯಶಾಸ್ತ್ರಜ್ಞ ಆರ್. ಎಸ್. ಹೋಲ್, ಇದು ರಸಸಂಚಾರದ ಏರುಪೇರಿನಿಂದ ಬರುವ ತೊಂದರೆ ಎಂದು ವಾದಿಸಿದರು.

ಹೋಲ್ ಅವರ ವಾದ ಹುರುಳಿಲ್ಲದ್ದಾಗಿರಲಿಲ್ಲ. ರೋಗಪೀಡಿತ ಮರದ ಎಲೆಗಳಲ್ಲಿ ಪಿಷ್ಟ ವಿಪರೀತವಾಗಿ ಕೂಡಿಕೊಂಡಿರುತ್ತದೆ. ಬೇರುಗಳ ತುದಿ ಸಾಯುತ್ತದೆ, ನೆರೆಯ ಗಿಡವನ್ನು ಹಿಡಿದಿರುವ ಹೀರುಬೇರುಗಳು ಕಡಿಮೆಯಾಗುತ್ತವೆ. ಮೇಲೆ ಅನ್ನ ಕೊಳೆಯುತ್ತಿದೆ, ಕೆಳಗೆ ಉಪವಾಸ. ಇದನ್ನು ನೋಡಿದ ಯಾರಿಗಾದರೂ ಇದು ಪೋಷಣೆಯ ದೋಷ, ಮಣ್ಣಿನ ಅಥವಾ ಆಶ್ರಯ ಗಿಡದ ಕೊರತೆ ಎಂದು ಅನಿಸುವುದು ಸಹಜ.

ಕೋಲ್ಮನ್ ಅವರು ವಾದಕ್ಕೆ ವಾದ ಹೂಡಲಿಲ್ಲ. ಕಸಿಯ ಚಾಕು ಕೈಗೆತ್ತಿಕೊಂಡರು. ಅವರ ತರ್ಕ ಸರಳವಾಗಿತ್ತು. ರೋಗಕ್ಕೆ ಮಣ್ಣು ಕಾರಣವಾದರೆ, ಒಳ್ಳೆಯ ಮಣ್ಣಿನಲ್ಲಿ ನಿಂತ ಆರೋಗ್ಯವಂತ ಮರಕ್ಕೆ ರೋಗದ ಮರದ ಒಂದು ಕುಡಿಯನ್ನು ಕಸಿ ಮಾಡಿದಾಗ ಕುಡಿ ಚೇತರಿಸಿಕೊಳ್ಳಬೇಕು. ಮರ ಚೆನ್ನಾಗಿಯೇ ಉಳಿಯಬೇಕು. ಕುಡಿಯಲ್ಲಿ ಏನೋ ಅಂಟುವ ವಸ್ತುವಿದ್ದರೆ, ಮರವೇ ಕಾಯಿಲೆ ಬೀಳಬೇಕು. ಅಮೆರಿಕದಲ್ಲಿ ಎರ್ವಿನ್ ಸ್ಮಿತ್ ಎಂಬ ವಿಜ್ಞಾನಿ ಪೀಚ್ ಹಣ್ಣಿನ ಮರಗಳ ಹಳದಿ ರೋಗವನ್ನು 1880ರ ದಶಕದಲ್ಲಿ ಇದೇ ದಾರಿಯಲ್ಲಿ ಪರೀಕ್ಷಿಸಿದ್ದರು.

ಫಲಿತಾಂಶ ಸ್ಪಷ್ಟವಾಗಿತ್ತು. ರೋಗದ ಅಂಗಾಂಶವನ್ನು ಕಸಿ ಮಾಡಿಸಿಕೊಂಡ ಮರಗಳಲ್ಲಿ ಸ್ಪೈಕ್ ಕಾಣಿಸಿಕೊಂಡಿತು. 1917ರಲ್ಲಿ ಮೈಸೂರು ಕೃಷಿ ಇಲಾಖೆಯ ಪ್ರಕಟಣೆಯಾಗಿ ಹೊರಬಂದ ವರದಿಯಲ್ಲಿ ಕೋಲ್ಮನ್, ಇದು ಅಂಟುರೋಗವೆಂದು ಸ್ಥಾಪಿಸಿದರು. ಹೋಲ್ ಅವರ ಪ್ರಬಂಧ ಪ್ರಕಟವಾದದ್ದೂ ಅದೇ ವರ್ಷ. ಒಂದೇ ಮರ, ಒಂದೇ ವರ್ಷ, ಎರಡು ಉತ್ತರ. ಗೆದ್ದದ್ದು ಪ್ರಯೋಗ.

ಆದರೆ ರೋಗವನ್ನು ಹೊತ್ತು ತರುವ ಜೀವಿ ಯಾವುದು? ಅದು ಕೋಲ್ಮನ್ ಅವರಿಗೆ ಸಿಗಲಿಲ್ಲ. ಕಂಡಷ್ಟನ್ನು ಹೇಳಿ, ಕಾಣದ್ದನ್ನು ಮುಂದಿನವರಿಗೆ ಬಿಟ್ಟರು.

ಕೈಯಿಂದ ಕೈಗೆ

ಕೋಲ್ಮನ್ ಅವರ ಉಳಿದ ಬದುಕು ಮೈಸೂರಿನ ಕೃಷಿಯ ಇತಿಹಾಸವೇ ಆಗಿದೆ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಅವರು ಕೃಷಿ ಇಲಾಖೆಯ ನಿರ್ದೇಶಕರಾದರು. 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ ಆರಂಭವಾಯಿತು. ಅಲ್ಲಿ ನೆಲೆಗೊಂಡ ಕೃಷಿ ಶಿಕ್ಷಣ ಮುಂದೆ ಕಾಲೇಜಾಗಿ, 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯಕ್ಕೆ ಬುನಾದಿಯಾಯಿತು. 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಪ್ರಯೋಗ ಕೇಂದ್ರ ಸ್ಥಾಪನೆಯಾಯಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ತಲೆಯೆತ್ತಲು ಅವರ ಒತ್ತಾಸೆ ದೊಡ್ಡದಿತ್ತು. ಬಾರ್ಬರ್ ಅವರಂತೆಯೇ ಕೋಲ್ಮನ್ ಅವರ ದಾರಿಯೂ ಗಂಧದಿಂದ ಕಬ್ಬಿಗೆ ಬಂದು ಸೇರಿತು. ಕೀಟವಿಜ್ಞಾನಿ ಕೆ. ಕುಞಿಕಣ್ಣನ್, ಸಸ್ಯರೋಗ ವಿಜ್ಞಾನಿ ಎಂ. ಜೆ. ನರಸಿಂಹನ್ ಮೊದಲಾದವರು ಅವರ ಇಲಾಖೆಯಲ್ಲಿ ಬೆಳೆದು ಹೆಸರಾದರು. 1930ರ ದಶಕದಲ್ಲಿ ಕೆನಡಾಕ್ಕೆ ಮರಳಿದ ಮೇಲೂ ಕೋಲ್ಮನ್ ಸಸ್ಯಕೋಶಗಳ ಅಧ್ಯಯನದಲ್ಲಿ ತೊಡಗಿದ್ದರು. 1954ರಲ್ಲಿ ತೀರಿಕೊಂಡರು.

ಗಂಧದ ಹುಡುಕಾಟ ಮಾತ್ರ ಕೈಯಿಂದ ಕೈಗೆ ಸಾಗಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ಶ್ರೀನಿವಾಸಯ್ಯ ಮತ್ತು ಅವರ ಸಹೋದ್ಯೋಗಿಗಳು 1920–30ರ ದಶಕಗಳಲ್ಲಿ ಗಂಧದ ರಾಸಾಯನಿಕ ಸ್ವರೂಪವನ್ನು, ಆಶ್ರಯ ಗಿಡಗಳ ಪ್ರಭಾವವನ್ನು ವರ್ಷಗಟ್ಟಲೆ ಪರೀಕ್ಷಿಸಿದರು. ಕಾಡಿನಲ್ಲಿ ಯಾರೂ ಕಸಿ ಮಾಡುವುದಿಲ್ಲ. ಹಾಗಾದರೆ ರೋಗ ಮರದಿಂದ ಮರಕ್ಕೆ ಹಾರುವುದು ಹೇಗೆ ಎಂಬ ಪ್ರಶ್ನೆ ಕೀಟಗಳ ಕಡೆಗೆ ಕೈತೋರಿಸಿತು. ಎಲೆಯ ರಸ ಹೀರುವ ಒಂದು ಜಾತಿಯ ಜಿಗಿಹುಳು ರೋಗವಾಹಕವೆಂದು 1941ರಲ್ಲಿ ರಂಗಸ್ವಾಮಿ ಮತ್ತು ಗ್ರಿಫಿತ್ ವರದಿ ಮಾಡಿದರು.

ಕೊನೆಯ ಕೊಂಡಿ ಬಂದದ್ದು ಜಪಾನಿನಿಂದ. ಹಿಪ್ಪುನೇರಳೆಯ ಗಿಡ್ಡರೋಗವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದ ಅಲ್ಲಿನ ವಿಜ್ಞಾನಿಗಳಿಗೆ 1967ರಲ್ಲಿ ಹೊಸದೊಂದು ಜೀವಿ ಕಂಡಿತು. ಬ್ಯಾಕ್ಟೀರಿಯಾದ ಕುಲಕ್ಕೆ ಸೇರಿದರೂ ಅದಕ್ಕೆ ಕೋಶದ ಗೋಡೆಯಿಲ್ಲ. ಗಿಡದಲ್ಲಿ ಆಹಾರ ಸಾಗಿಸುವ ನಾಳಗಳ ಒಳಗೆ ಮಾತ್ರ ಅದರ ವಾಸ. ಎರಡೇ ವರ್ಷಗಳಲ್ಲಿ, 1969ರಲ್ಲಿ, ಮೂರು ಬೇರೆ ಬೇರೆ ತಂಡಗಳು ಸ್ಪೈಕ್ ತಗಲಿದ ಗಂಧದಲ್ಲಿಯೂ ಅಂಥದೇ ಜೀವಿಯನ್ನು ಕಂಡವು. ಇಂದು ಅದಕ್ಕೆ ಫೈಟೊಪ್ಲಾಸ್ಮಾ ಎಂಬ ಹೆಸರಿದೆ. ಕಬ್ಬಿನ ಹುಲ್ಲುಮೊಳಕೆಗೂ ಅದೇ ಬಗೆಯ ಜೀವಿ ಕಾರಣ.

ಎಲೆಯಲ್ಲಿ ಪಿಷ್ಟ ಕೂಡಿಕೊಳ್ಳುವುದೇಕೆ, ಬೇರು ಉಪವಾಸ ಬೀಳುವುದೇಕೆ ಎಂಬುದಕ್ಕೂ ಆಗ ಅರ್ಥ ಸಿಕ್ಕಿತು. ಆಹಾರ ಸಾಗಿಸುವ ನಾಳಗಳಲ್ಲಿಯೇ ರೋಗಾಣು ಮನೆ ಮಾಡಿಕೊಂಡರೆ ಎಲೆಯ ಅನ್ನ ಬೇರಿಗೆ ಸರಿಯಾಗಿ ಇಳಿಯುವುದಾದರೂ ಹೇಗೆ? ಹೋಲ್ ಕಂಡದ್ದು ಸುಳ್ಳಾಗಿರಲಿಲ್ಲ. ಪರಿಣಾಮವನ್ನು ಅವರು ಕಾರಣವೆಂದು ತಿಳಿದಿದ್ದರು. ಮರದ ಆರೋಗ್ಯವನ್ನು ಅಭ್ಯಾಸ ಮಾಡುವವರು ಮತ್ತೆ ಮತ್ತೆ ಎಡವುವ ಕಲ್ಲು ಇದು.

ಹಳದಿ ಎಲೆಯ ಪಾಠ

ಈ ಕಲ್ಲು ಸಮೀರವಾಡಿಯ ಸುತ್ತಲಿನ ಹೊಲಗಳಲ್ಲಿಯೂ ಇದೆ. ಕಬ್ಬಿನ ಎಲೆ ಹಳದಿಯಾಯಿತೆಂದರೆ ಮೊದಲು ನೆನಪಾಗುವುದು ಯೂರಿಯಾ ಚೀಲ. ಆದರೆ ಹಳದಿಯಾಗಲು ಕಾರಣ ಒಂದೇ ಅಲ್ಲ. ಕೆಳಗಿನ ಹಳೆಯ ಎಲೆಗಳು ಮೊದಲು ಹಳದಿಯಾಗುತ್ತಿದ್ದರೆ ಸಾರಜನಕದ ಕೊರತೆಯಿರಬಹುದು. ಹೊಸ ಎಲೆಗಳೇ ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿದಿದ್ದರೆ ಕಬ್ಬಿಣಾಂಶದ ಕೊರತೆಯ ಸಂಶಯ ಪಡಬೇಕು. ಸುಣ್ಣದಂಶ ಹೆಚ್ಚಿರುವ ಎರೆ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಅದು ಬೇರಿಗೆ ಸುಲಭವಾಗಿ ದೊರಕುವುದಿಲ್ಲ. ಇಡೀ ಹೊಲ ಸಪ್ಪಗಾಗಿ, ನೆಲದ ಮೇಲೆ ಬಿಳಿ ಉಪ್ಪು ಕಾಣುತ್ತಿದ್ದರೆ ಅದು ಸವುಳು. ಎಲ್ಲೋ ಒಂದು ಬುಡ ಮಾತ್ರ ಬಿಳಿಚಿ, ಹುಲ್ಲಿನಂತೆ ಮರಿ ಒಡೆದಿದ್ದರೆ ಅದು ರೋಗ. ನಾಲ್ಕಕ್ಕೂ ಮದ್ದು ಬೇರೆ ಬೇರೆ.

ಸವುಳು–ಜವುಳಿನ ಕಥೆ ಘಟಪ್ರಭೆಯ ನೀರು ಕಂಡ ಊರುಗಳಿಗೆ ಹೊಸದಲ್ಲ. ಎರೆ ಮಣ್ಣಿನಲ್ಲಿ ಜೇಡಿಯಂಶ ಹೆಚ್ಚು. ನೀರು ಬೇಗ ಬಸಿಯುವುದಿಲ್ಲ. ಅಳತೆ ಮೀರಿ ನೀರು ಹಾಯಿಸಿದರೆ ಅಂತರ್ಜಲ ಮೇಲೇರಿ, ತಳದ ಲವಣಗಳನ್ನು ಹೊತ್ತು ತರುತ್ತದೆ. ಬಿಸಿಲಿಗೆ ನೀರು ಆರಿ, ಉಪ್ಪು ನೆಲದಲ್ಲಿ ಉಳಿಯುತ್ತದೆ. ಬಸಿಗಾಲುವೆ, ಅಗತ್ಯವಿದ್ದಲ್ಲಿ ಜಿಪ್ಸಂ, ಸೆಣಬು–ಡಯಾಂಚದಂಥ ಹಸಿರೆಲೆ ಗೊಬ್ಬರ, ನೀರಿನ ಮಿತ ಬಳಕೆ ಇವು ಅದರ ಚಿಕಿತ್ಸೆ. ಹುಲ್ಲುಮೊಳಕೆ ರೋಗಕ್ಕಾದರೆ ರೋಗದ ಬುಡವನ್ನು ಬೇರುಸಹಿತ ಕಿತ್ತು ಹಾಕುವುದು, ಆರೋಗ್ಯವಾದ ಬೀಜದ ಕಬ್ಬನ್ನೇ ಆರಿಸುವುದು, ನಾಟಿಗೆ ಮೊದಲು ತುಂಡುಗಳನ್ನು ಸುಮಾರು 50 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ 2 ಗಂಟೆ ಉಪಚರಿಸುವುದು ದಾರಿ. ಕಾರಣ ತಿಳಿಯದೆ ಮದ್ದು ಸುರಿದರೆ ಹಣವೂ ಹೋಗುತ್ತದೆ, ಮಣ್ಣೂ ಕೆಡುತ್ತದೆ.

ಗಂಧ ಈಗ ಕೇವಲ ಕಾಡಿನ ಮರವಾಗಿಯೂ ಉಳಿದಿಲ್ಲ. 2001ರಲ್ಲಿ ಕರ್ನಾಟಕದ ಅರಣ್ಯ ಕಾಯ್ದೆಗೆ ತಿದ್ದುಪಡಿಯಾಗಿ, ಜಮೀನಿನಲ್ಲಿ ಬೆಳೆದ ಗಂಧದ ಮರ ಜಮೀನಿನ ಒಡೆಯನದೇ ಎಂದಾದ ಮೇಲೆ ಬಯಲುಸೀಮೆಯ ರೈತರೂ ಅದನ್ನು ನೆಡತೊಡಗಿದ್ದಾರೆ. ಮಗಳ ಮದುವೆಗೆ, ಮಗನ ಓದಿಗೆ ಆದೀತೆಂಬ ಆಸೆಯಿಂದ ನೆಟ್ಟ ಸಸಿ ಅದು. ಒಳಗೆ ಪರಿಮಳದ ಚೇಗು ಕಟ್ಟಲು ಹತ್ತು ವರ್ಷ ದಾಟಬೇಕು; ಒಳ್ಳೆಯ ಬೆಲೆ ಬರಲು ಇನ್ನೂ ಕಾಯಬೇಕು. ಜವುಳು ನೆಲದಲ್ಲಿ ನೀರು ನಿಂತರೆ ಅದು ಬದುಕದು. ತೊಗರಿ, ಹೊಂಗೆ, ಸರ್ವೆಯಂಥ ಜೊತೆಗಿಡವಿಲ್ಲದಿದ್ದರೆ ಸೊರಗುತ್ತದೆ. ಸ್ಪೈಕ್ ತಗಲಿದರೆ ಹತ್ತಾರು ವರ್ಷ ಕಾದ ಮರ ಎರಡು ಮೂರು ವರ್ಷಗಳಲ್ಲಿ ಕೈಬಿಟ್ಟುಹೋಗುತ್ತದೆ. ಕರ್ನಾಟಕದ ಗಂಧದ ಕಾಡುಗಳಲ್ಲಿಯೂ ಕೇರಳದ ಮರಯೂರಿನಲ್ಲಿಯೂ ಈ ರೋಗ ಇತ್ತೀಚಿನ ವರ್ಷಗಳಲ್ಲಿ ಮತ್ತೆ ಚಿಂತೆಗೆ ಕಾರಣವಾಗಿದೆ. ಟೆಟ್ರಾಸೈಕ್ಲಿನ್ ಔಷಧವನ್ನು ಕಾಂಡಕ್ಕೆ ಚುಚ್ಚಿದರೆ ಕೆಲಕಾಲ ಹೊಸ ಎಲೆ ಬರುತ್ತದೆ, ಅನಂತರ ರೋಗ ಮರುಕಳಿಸುತ್ತದೆ. ಶಾಶ್ವತವಾದ ಮದ್ದು ಇನ್ನೂ ಸಿಕ್ಕಿಲ್ಲ.

ಮರಗಳ ವೈದ್ಯರಾಗಲು

ಮಕ್ಕಳು ವಿಜ್ಞಾನ ಓದುತ್ತಾರೆಂದರೆ ಮನೆಯಲ್ಲಿ ಎರಡೇ ಹೆಸರು ಕೇಳಿಬರುವುದು ಸಾಮಾನ್ಯ: ಡಾಕ್ಟರು, ಇಂಜಿನಿಯರು. ಮರಕ್ಕೂ ಡಾಕ್ಟರು ಬೇಕು, ಮಣ್ಣಿಗೂ ಇಂಜಿನಿಯರು ಬೇಕು ಎಂಬುದು ತಂದೆತಾಯಿಯರ ಗಮನಕ್ಕೆ ಬರುವುದು ಅಪರೂಪ. ಈ ದಾರಿಯ ಮೊದಲ ಮೆಟ್ಟಿಲು ಅರಣ್ಯ ವಿಜ್ಞಾನದ 4 ವರ್ಷಗಳ ಪದವಿ. ಧಾರವಾಡ ಕೃಷಿ ವಿಶ್ವವಿದ್ಯಾನಿಲಯದ ಅರಣ್ಯ ಕಾಲೇಜು ಶಿರಸಿಯಲ್ಲಿದೆ. ಕೊಡಗಿನ ಪೊನ್ನಂಪೇಟೆಯಲ್ಲಿ 1995ರಲ್ಲಿ ಇನ್ನೊಂದು ಅರಣ್ಯ ಕಾಲೇಜು ಆರಂಭವಾಯಿತು. ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿದವರು ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ ಇಲ್ಲಿಗೆ ಸೇರಬಹುದು. ಬಾಗಲಕೋಟೆ ಭಾಗದವರಿಗೆ, 2008ರಲ್ಲಿ ಸ್ಥಾಪನೆಯಾದ ತೋಟಗಾರಿಕೆ ವಿಶ್ವವಿದ್ಯಾನಿಲಯ ಜಿಲ್ಲಾ ಕೇಂದ್ರದಲ್ಲಿಯೇ ಇದೆ. ಹಣ್ಣಿನ ಮರಗಳ ಪೋಷಣೆ, ರೋಗಗಳ ಅಧ್ಯಯನಕ್ಕೆ ಅದು ಹತ್ತಿರದ ದಾರಿ. ಸಮೀರವಾಡಿಯಲ್ಲಿಯೇ ಕೆ. ಜೆ. ಸೋಮಯ್ಯ ಅನ್ವಯಿಕ ಕೃಷಿ ಸಂಶೋಧನಾ ಸಂಸ್ಥೆ ಇದೆ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಹುಟ್ಟಿ, 1977ರಲ್ಲಿ ಗಂಧದ ಸಂಶೋಧನಾ ಕೇಂದ್ರವಾಗಿ, 1988ರಲ್ಲಿ ಈಗಿನ ರೂಪ ತಳೆಯಿತು. ಗಂಧದ ಅಧ್ಯಯನಕ್ಕೆ ಇಂದಿಗೂ ಅದೇ ಮುಖ್ಯ ನೆಲೆ.

ಅಲ್ಲಿ ಕಲಿಯುವುದು ಬರಿಯ ಮರಗಳ ಹೆಸರಲ್ಲ. ಶಿರಸಿಯ ಸುತ್ತಲಿನ ಸೊಪ್ಪಿನ ಬೆಟ್ಟಗಳನ್ನೇ ನೋಡಬಹುದು. 1 ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟವನ್ನು ಸೊಪ್ಪು, ದರಕಿಗಾಗಿ ಬಿಟ್ಟುಕೊಟ್ಟ ಹಳೆಯ ಪದ್ಧತಿ ಅಲ್ಲಿದೆ. ಬೆಟ್ಟದ ಎಲೆ ತೋಟಕ್ಕೆ ಬಂದರೆ ತೋಟದ ಮಣ್ಣು ಕಳೆಕಟ್ಟುತ್ತದೆ. ಆದರೆ ಉದುರಿದ ಎಲೆಯೆಲ್ಲ ಹೊರಟುಹೋದರೆ ಬೆಟ್ಟದ ಮರ ಏನನ್ನು ಉಣ್ಣಬೇಕು? ಭಾರಿ ಮಳೆಗೆ ಸತ್ವ ತೊಳೆದುಹೋಗುವ ಘಟ್ಟದ ಮಣ್ಣಿನಲ್ಲಿ ದೊಡ್ಡ ಕಾಡು ನಿಂತಿರುವುದು ಬಹುಮಟ್ಟಿಗೆ ತನ್ನದೇ ಎಲೆಯನ್ನು ತಾನೇ ಮತ್ತೆ ಮತ್ತೆ ಉಂಡು. ಆ ಊಟವನ್ನು ಬಡಿಸುವವರು ಮಣ್ಣಿನ ಬ್ಯಾಕ್ಟೀರಿಯಾಗಳು ಮತ್ತು ಶಿಲೀಂಧ್ರಗಳು. ಬೇರಿನೊಡನೆ ಸ್ನೇಹದಿಂದ ಬದುಕುತ್ತ ದೂರದ ರಂಜಕವನ್ನು ತಂದುಕೊಡುವ ಶಿಲೀಂಧ್ರಗಳ ಬಗ್ಗೆ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಿ. ಜೆ. ಭಾಗ್ಯರಾಜ್ ಅವರು ದಶಕಗಳ ಕಾಲ ಸಂಶೋಧನೆ ನಡೆಸಿ, ವಿದ್ಯಾರ್ಥಿಗಳನ್ನು ತಯಾರು ಮಾಡಿದರು. ಇಂಥ ಪ್ರಾಧ್ಯಾಪಕರ ಹೆಸರು ಪತ್ರಿಕೆಗಳ ಮುಖಪುಟದಲ್ಲಿ ಕಾಣುವುದು ಕಡಿಮೆ. ಆದರೆ ನರ್ಸರಿಯಿಂದ ಹೊರಡುವ ಸಸಿಗಳ ಬೇರಿನಲ್ಲಿ ಅವರ ದುಡಿಮೆ ಇರುತ್ತದೆ.

ಈ ಓದಿಗೆ ಬೇಕಾದ ಗುಣಗಳು ವಿಶೇಷವಾದವೇನಲ್ಲ. ರಸಾಯನಶಾಸ್ತ್ರ, ಜೀವಶಾಸ್ತ್ರಗಳಲ್ಲಿ ಆಸಕ್ತಿಯಿರಬೇಕು. ಕೈಗೆ ಮಣ್ಣು ಮೆತ್ತಿದರೆ ಅಸಹ್ಯವಾಗಬಾರದು. ಅಳೆದದ್ದನ್ನು ಅಂದಂದೇ ಬರೆದಿಡುವ ಅಭ್ಯಾಸವಿರಬೇಕು. ಉದ್ಯೋಗದ ದೃಷ್ಟಿಯಿಂದ ಅರಣ್ಯ ಇಲಾಖೆಯ ಸ್ಪರ್ಧಾತ್ಮಕ ಪರೀಕ್ಷೆಗಳು, ಸಂಶೋಧನಾ ಸಂಸ್ಥೆಗಳು, ವಿಶ್ವವಿದ್ಯಾನಿಲಯಗಳು, ಕಾಗದ ಮತ್ತು ಪ್ಲೈವುಡ್ ಉದ್ಯಮಗಳು, ನರ್ಸರಿಗಳು ಇವೆ. ಬೇಗ ಹಣ, ಬೇಗ ಹೆಸರು ಬಯಸುವವರಿಗೆ ಮಾತ್ರ ಇದು ಹೇಳಿಮಾಡಿಸಿದ ದಾರಿಯಲ್ಲ. ಕಬ್ಬು ವರ್ಷದೊಳಗೆ ಉತ್ತರ ಹೇಳುತ್ತದೆ. ಮರಕ್ಕೆ ಪ್ರಶ್ನೆ ಕೇಳಿದವರು ಉತ್ತರಕ್ಕಾಗಿ ಹತ್ತು ವರ್ಷ ಕಾಯಬೇಕಾದೀತು.

ಕೋಲ್ಮನ್ ಅವರ ಪ್ರಶ್ನೆಗೆ ಉತ್ತರ ಸಿಕ್ಕದ್ದು ಅವರು ತೀರಿಕೊಂಡು 15 ವರ್ಷಗಳಾದ ಮೇಲೆ. ಮೈಸೂರು ಸಂಸ್ಥಾನ ಬಹುಮಾನ ಸಾರಿದಾಗ ಕೇಳಿದ್ದು ಪರಿಹಾರವನ್ನು. 100 ವರ್ಷಗಳು ಕಳೆದರೂ ಕೈಗೆ ಬಂದಿರುವುದು ಕಾರಣ ಮಾತ್ರ. ಮದ್ದು ಕಂಡುಹಿಡಿಯುವ ಕೆಲಸ ಇನ್ನೂ ಬಾಕಿ ಇದೆ. ಅದನ್ನು ಕಂಡುಹಿಡಿಯುವ ಹುಡುಗನೋ ಹುಡುಗಿಯೋ ಈಗ ಘಟಪ್ರಭೆಯ ದಂಡೆಯ ಯಾವುದೋ ಊರಿನಲ್ಲಿ, ಹೊಲದ ಬದುವಿನ ಮೇಲೆ ನಿಂತು, ಹುಲ್ಲಿನಂತೆ ಬೆಳೆದ ಒಂದು ಕಬ್ಬಿನ ಬುಡವನ್ನು ನೋಡುತ್ತ, ಇದು ಹೀಗೇಕಾಯಿತು ಎಂದು ಅಪ್ಪನನ್ನು ಕೇಳುತ್ತಿರಬಾರದೇಕೆ?